ಸುಮ್ಮನೆ ಕೂರುವ ಪಾತ್ರ

ತಂಡವಿಲ್ಲದೆ ಒಬ್ಬಳೇ ಪ್ರದರ್ಶನ ಕಟ್ಟಲು ಹೊರಟರೆ ವಾರಕ್ಕೊಂದು ಫಜೀತಿ ಗ್ಯಾರಂಟಿ. ನನ್ನ ಹೊಸ ಪ್ರದರ್ಶನ ಇಷ್ಟೇ: ಬಸ್ಸಿಗೆ ಕಾಯುವ ಒಬ್ಬರು ಬೆಂಚಿನ ಮೇಲೆ ಒಂದು ಗಂಟೆ ಮಾತಿಲ್ಲದೆ ಕೂರುತ್ತಾರೆ. ಬಸ್ಸು ಬರುವುದಿಲ್ಲ. ಇದು ಹೊಳೆದ ದಿನ ಖುಷಿಗೆ ನನಗೆ ಅನ್ನ ಸೇರಲಿಲ್ಲ. ವಿಷಯ ಕೇಳಿದ ಮೇಲೆ ಅಮ್ಮನಿಗೂ ಸೇರಲಿಲ್ಲ.

೧. ಬಾಳೆಹಣ್ಣು

ಧನಸಹಾಯದ ಅರ್ಜಿಯಲ್ಲಿ ‘ಪ್ರೇಕ್ಷಕರ ಪಾಲ್ಗೊಳ್ಳುವಿಕೆ’ ಎಂಬ ಕಾಲಂ ಇತ್ತು. ಏನು ಬರೆಯಬೇಕೋ ತೋಚದೆ, ತಾಲೀಮಾದರೂ ಆಗಲಿ ಎಂದು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲೇ ಹೋಗಿ ಕೂತೆ. ಪಕ್ಕದಲ್ಲಿ ಕೂತ ಅಜ್ಜಿ ಯಾವೂರಿಗೆ ಎಂದರು. ನಾನು ತುಟಿ ಬಿಚ್ಚಲಿಲ್ಲ. ಗಂಡನ ಮನೆಯಲ್ಲಿ ಜಗಳವಾಡಿ ಬಂದಿದ್ದಾಳೆಂದು ಅವರೇ ತೀರ್ಮಾನಿಸಿ, ನನಗಿಲ್ಲದ ಅತ್ತೆಗೆ ಚೆನ್ನಾಗಿ ಉಗಿದರು. ತಮ್ಮ ಬಸ್ಸು ಬಂದಾಗ ಮಡಿಲಿಗೆ ಎರಡು ಬಾಳೆಹಣ್ಣು ಹಾಕಿ, “ಒಟ್ಟೆ ಮ್ಯಾಲೆ ಸಿಟ್ಟು ತೀರ್ಸ್ಕಬ್ಯಾಡ ಕಣವ್ವ,” ಎಂದು ಹೊರಟರು.

ಸಂಜೆ ಕಾಲಂ ತುಂಬಿತು. ಜಾಗ ಸಾಲದೆ ಬೇರೆ ಹಾಳೆ ಲಗತ್ತಿಸಿದೆ.

೨. ಕಡಿಮೆ ಬಾಡಿಗೆ

ಚನ್ನರಾಯಪಟ್ಟಣದಲ್ಲಿ ಹಾಲ್ ಕೇಳಲು ಹೋದೆ. ಕಾರ್ಯಕ್ರಮದ ಮೇಲೆ ಬಾಡಿಗೆ ಎಂದರು ಗುಮಾಸ್ತರು. ಹಾಡು ಇದೆಯಾ? ಇಲ್ಲ. ಕುಣಿತ? ಇಲ್ಲ. ಮಾತು? ಅದೂ ಇಲ್ಲ. ಅವರು ಕನ್ನಡಕ ತೆಗೆದು ಯೋಚಿಸಿ, ‘ಧ್ಯಾನ ಶಿಬಿರ’ ಎಂದು ಬರೆದು ಅರ್ಧ ಬಾಡಿಗೆ ಕಡಿಮೆ ಮಾಡಿದರು. ನಾನೂ ನಾಚಿಕೆ ಬಿಟ್ಟು ಸಹಿ ಹಾಕಿದೆ.

ಅದನ್ನೇ ಅವರು ಬಾಗಿಲ ಬೋರ್ಡಿನಲ್ಲೂ ಬರೆದಿದ್ದರು. ಸುಮಾರು ಇಪ್ಪತ್ತು ಜನ ಚಾಪೆ ಹಿಡಿದು ಬಂದು, ನಾನು ಬೆಂಚಿನ ಮೇಲೆ ಕೂತ ತಕ್ಷಣ ಕಣ್ಣು ಮುಚ್ಚಿದರು. ಮುಗಿದ ಮೇಲೇ ತೆರೆದದ್ದು. ಹೋಗುವಾಗ ಒಬ್ಬರು, ಮನಸ್ಸು ಹಗುರವಾಯಿತು, ಪ್ರತಿ ವಾರ ಮಾಡಿ ಎಂದರು. ನನ್ನನ್ನು ಒಬ್ಬರೂ ನೋಡಿರಲಿಲ್ಲ.

೩. ಪಾತ್ರಕ್ಕೆ ಪೈಪೋಟಿ

ಅರ್ಜಿ ಒಪ್ಪಿಗೆಯಾಗಿದೆ ಎಂಬ ಮೇಲ್ ಬಂದಾಗ ಹಾಸನದ ಬಸ್ಸಿನಲ್ಲಿದ್ದೆ. ಕುಣಿದಾಡುವಷ್ಟು ಸಂತೋಷದಲ್ಲಿ ಎದ್ದು ನಿಂತೆ. ಇಳಿಯುತ್ತಾಳೆಂದು ಕಂಡಕ್ಟರ್ ಸೀಟಿ ಊದಿದ. ಕೂತು ಪೂರ್ತಿ ಓದಿದರೆ, ಅರ್ಧ ಹಣ ಮಾತ್ರ ಅವರದು. ಉಳಿದರ್ಧ ಸ್ಥಳೀಯರಿಂದ ತಿಂಗಳೊಳಗೆ ಬರಬೇಕು, ಇಲ್ಲವಾದರೆ ಯೋಜನೆ ರದ್ದು.

ಅರಕಲಗೂಡಿನಲ್ಲಿ ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರಲ್ಲಿಗೆ ಓಡಿದೆ. ನಮ್ಮ ಕಡೆ ಆ ನಾಟಕಗಳಲ್ಲಿ ದುಡ್ಡು ಕಟ್ಟುವವರು ಪಾತ್ರಧಾರಿಗಳೇ. ದುರ್ಯೋಧನನಿಗೊಂದು ರೇಟು, ದ್ವಾರಪಾಲಕನಿಗೊಂದು ರೇಟು. ನಿಮ್ಮದರಲ್ಲಿ ಎಷ್ಟು ಪಾತ್ರ ಎಂದರು ಮೇಷ್ಟ್ರು. ಒಂದೇ, ಅದೂ ನನ್ನದು ಎಂದೆ. ಅವರು ಎರಡನೆಯದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ನಿವೃತ್ತ ಲೈನ್‌ಮನ್ ಒಬ್ಬರು ಇಸ್ತ್ರಿ ಶರ್ಟು ಹಾಕಿಕೊಂಡು ಬಂದರು. “ಮಾತು ಮರ್ತೋಯ್ತದೆ ಅಂತ ಇಪ್ಪತ್ತು ವರ್ಸದಿಂದ ಯಾರೂ ನಂಗೆ ಪಾತ್ರ ಕೊಡ್ನಿಲ್ಲ ಕಣವ್ವ. ಸುಮ್ಕೆ ಕುಂತ್ಕಳದು ನಂಗೆ ಬತ್ತದೆ,” ಎಂದು, ಬೇಕಾಗಿದ್ದ ಅಷ್ಟೂ ಹಣ ಮೇಜಿನ ಮೇಲಿಟ್ಟರು.

ನನಗೆ ಹೊಟ್ಟೆ ಉರಿಯಿತು. ಆದರೆ ಆ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ.

ಪ್ರದರ್ಶನಕ್ಕೆ ಕೊಣನೂರಿನಿಂದಲೂ ಜನ ಬಂದರು. ನಡುವೆಯೇ ವೇದಿಕೆ ಹತ್ತಿ ಹಾರ ಹಾಕಿದರು, ಶಾಲು ಹೊದಿಸಿದರು. ಆಸಾಮಿ ರೆಪ್ಪೆ ಆಡಿಸಿದ್ದು ಬಿಟ್ಟರೆ ಅಲುಗಲಿಲ್ಲ. ಧನಸಹಾಯ ಕೊಟ್ಟವರ ಪರವಾಗಿ ಬಂದಿದ್ದ ಮೇಡಂ ಕಣ್ಣೊರೆಸಿಕೊಳ್ಳುತ್ತಾ, ಇವರನ್ನು ಎಷ್ಟು ವರ್ಷ ತಯಾರು ಮಾಡಿದಿರಿ ಎಂದು ಕೇಳಿದರು.

ಎಲ್ಲ ಮುಗಿದ ಮೇಲೆ ಲೈನ್‌ಮನ್ ಹತ್ತಿರ ಹೋಗಿ, ಮುಂದಿನ ಸಲ ನಾನು ಮಾಡಲೇ ಎಂದು ಮೆಲ್ಲಗೆ ಕೇಳಿದೆ.

ಅವರಿಗೆ ನನ್ನ ಮೇಲೆ ನಿಜವಾಗಿಯೂ ಮರುಕ ಬಂತು. “ಮೇಷ್ಟ್ರ ತಾವ ಎಸ್ರು ಬರ್ಸ್ಬುಡವ್ವ,” ಎಂದರು. “ನಿನ್ ಮುಂದೆ ಏಳು ಜನ ಅವ್ರೆ.”