ಮಧುನಾಶಿನಿ ಅಗಿದು ಒಬ್ಬಟ್ಟು ತಿಂದದ್ದು

ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಇರುವೆಗಳು. ಆಂಡರ್ಸನ್‌ಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ನಾನು ಒಂದಕ್ಕೆ ಹೋಗುವ ಮೂಲೆಗೆ ಅವು ಸಾಲುಗಟ್ಟಿ ಬರತೊಡಗಿದವು. ಗಣಿ ಆಫೀಸಿನಲ್ಲಿ ಕೂಲಿಗಾರರ ಹಾಜರಿ ಬರೆದು ಬರೆದು ಮೊದಲೇ ಸುಸ್ತಾಗಿದ್ದೆ. ಇನ್ನು ಇರುವೆಗಳ ಹಾಜರಿಯನ್ನೂ ನೋಡುವ ಕೆಲಸ ಬಿತ್ತು.

ನಾನು ಸೀಸೆಯಲ್ಲಿ ಒಯ್ದದ್ದನ್ನು ಡಾಕ್ಟರು ನೀಲಿ ಔಷಧಿಗೆ ಬೆರೆಸಿ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆಯ ಕೆಂಪು ಬಂತು. ಸಕ್ಕರೆ ಇದ್ದರೆ ಹಾಗೆ ಕೆಂಪಾಗುತ್ತದಂತೆ. ಹೊಟ್ಟೆಯೊಳಗೆ ಸಕ್ಕರೆ ಅರಗಿಸುವ ರಸ ಮಾಡುವ ಗ್ರಂಥಿಯೊಂದಿದೆ, ಅದು ದಣಿದುಹೋಗಿದೆ ಎಂದರು. ಪಾಪ, ನನ್ನ ಗ್ರಂಥಿ ತಾನೆ, ಇನ್ನು ಹೇಗಿದ್ದೀತು! ಬಾಯಿ ಕಟ್ಟಿ, ಯುಗಾದಿ ಕಳೆದ ಮೇಲೆ ಬನ್ನಿ, ಆಗಲೂ ಕೆಂಪಾದರೆ ದಿನಾ ಸೂಜಿ ಚುಚ್ಚಿಸಿಕೊಳ್ಳಬೇಕು ಎಂದು ಹೇಳಿ ಕಳಿಸಿದರು. ಸೂಜಿ ಎಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಅಂಗಿಯ ಗುಂಡಿ ಕಿತ್ತರೆ ಹೆಂಡತಿ ಜಯಮ್ಮ ಹೊಲಿದು ಮುಗಿಸುವವರೆಗೆ ಬೀದಿಯಲ್ಲಿ ನಿಲ್ಲುವವನು ನಾನು.

ಅಷ್ಟರಲ್ಲಿ ಜಯಮ್ಮನ ತಮ್ಮ ಮುನಿವೆಂಕಟ ಬೂದಿಕೋಟೆಯಿಂದ ಬಂದ. ಗಾಡಿಯಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ರೈಲಿನಲ್ಲಿ ಒಂದು ಹೊರೆ ಬಳ್ಳಿಯನ್ನು ತೊಡೆಯ ಮೇಲಿಟ್ಟುಕೊಂಡೇ ತಂದಿದ್ದ.

"ಸೂಜಿ ಯಾಕ್ ಭಾವ? ಇದು ಮಧುನಾಶಿನಿ. ಬೆಳಗ್ಗೆ ಎದ್ದು ಎಲೆ ಅಗೀರಿ, ಸಕ್ಕರೆ ತಾನೇ ಓಡೋಯ್ತದೆ," ಎಂದ.

ಎಲೆ ಅಗಿಸಿ, ಬಾಯಿಗೊಂದು ಬೆಲ್ಲದ ಚೂರು ಹಾಕಿದ. ಅಬ್ಬ, ಬೆಲ್ಲ ಹೋಗಿ ಮಣ್ಣಾಗಿತ್ತು! ನಾಲಿಗೆಯ ಮೇಲೆಯೇ ಸಿಹಿಯನ್ನು ಅಡಗಿಸುವ ಎಲೆ, ಒಳಗೆ ಹೋದ ಮೇಲೆ ಸುಮ್ಮನಿರುತ್ತದೆಯೇ? ಅಂದಿನಿಂದ ಮೇಕೆಯ ಹಾಗೆ ಅಗಿಯತೊಡಗಿದೆ.

ಯುಗಾದಿಯ ಬೆಳಗ್ಗೆ ಹಿತ್ತಲಿಗೆ ಹೋಗಿ ನೋಡಿದರೆ ಒಂದು ಇರುವೆಯೂ ಇಲ್ಲ. ಬಗ್ಗಿ ನೋಡಿದೆ, ಕುಕ್ಕರುಗಾಲಲ್ಲಿ ಕೂತು ನೋಡಿದೆ. ಇಲ್ಲವೇ ಇಲ್ಲ! ಕಾಯಿಲೆ ಕಂಡುಹಿಡಿದವರೇ ಕೈಬಿಟ್ಟು ಹೋದ ಮೇಲೆ ಇನ್ನು ಡಾಕ್ಟರನ್ನು ಕೇಳುವುದೇನಿದೆ? ಆದರೂ ಮುನ್ನೆಚ್ಚರಿಕೆಯ ಕ್ರಮವಾಗಿ ಇನ್ನೊಂದು ಹಿಡಿ ಸೊಪ್ಪು ಅಗಿದೇ ಹಬ್ಬದ ಊಟಕ್ಕೆ ಕೂತೆ.

ಜಯಮ್ಮ ಒಂದೇ ಒಂದು ಒಬ್ಬಟ್ಟು ಬಡಿಸಿ ಪಾತ್ರೆ ಮುಚ್ಚಿದಳು. ಕಾಯಿಲೆ ಹೋಯಿತು, ಇರುವೆಗಳೇ ಸಾಕ್ಷಿ ಎಂದು ವಾದಿಸಿ ಪಾತ್ರೆ ತೆರೆಸಿದೆ. ತಿಂದರೆ ರಟ್ಟು ಅಗಿದ ಹಾಗಿತ್ತು. ಸಿಹಿ ಇಲ್ಲದ ಒಬ್ಬಟ್ಟು ರೊಟ್ಟಿಗೆ ಸಮಾನ. ನಾಲಿಗೆಗೇ ಗೊತ್ತಾಗದ ಬೆಲ್ಲ ಹೊಟ್ಟೆಗೆ ಹೇಗೆ ಗೊತ್ತಾಗಬೇಕು? ಇನ್ನೊಂದು ಹಾಕಿಸಿಕೊಂಡೆ. ಇದರಲ್ಲಾದರೂ ಸಿಹಿ ಸಿಕ್ಕೀತೇನೋ ಎಂದು ಮತ್ತೊಂದು. ಆಸೆ ಬಿಡದೆ ಮಗದೊಂದು. ಬೆಲ್ಲ ಹಾಕುವುದನ್ನೇ ಮರೆತಿದ್ದೀಯಾ ಎಂದು ಅವಳನ್ನು ಬೈದದ್ದೂ ಆಯಿತು. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಎದೆ ಉಬ್ಬಿಸಿಕೊಂಡು ಸೀಸೆ ಒಯ್ದೆ. ಕೆಂಪು! ಹೋದ ಸಲ ಇಟ್ಟಿಗೆಯಾಗಿದ್ದದ್ದು ಈ ಸಲ ಗೂಡಿನಲ್ಲಿ ಇನ್ನೂ ಸ್ವಲ್ಪ ಬೆಂದಂತಿತ್ತು. ಸೊಪ್ಪಿನ ಕಥೆ, ಒಬ್ಬಟ್ಟಿನ ಕಥೆ ಎರಡನ್ನೂ ಒಪ್ಪಿಸಿದೆ. ಡಾಕ್ಟರು ನಗಲೂ ಇಲ್ಲ.

"ಆ ಸೊಪ್ಪಿನಲ್ಲಿ ಏನೋ ಇರಬಹುದು. ನಿಮ್ಮ ಗ್ರಂಥಿಯನ್ನು ಕಾಯುವ ಗುಣವೇ ಇದ್ದರೂ ಇರಬಹುದು, ನನಗೆ ಗೊತ್ತಿಲ್ಲ. ಆದರೆ ಒಬ್ಬಟ್ಟಿನಿಂದ ಕಾಯುವ ಸೊಪ್ಪು ಯಾವುದೂ ಇಲ್ಲ. ಅಂಗಿಯ ತೋಳು ಮಡಿಸಿ," ಎಂದರು.

ಚುಚ್ಚಿಸಿಕೊಂಡು, ಕಾಲೆಳೆದುಕೊಂಡು ಮನೆಗೆ ಬಂದೆ. ಇರುವೆಗಳು ಹೀಗೆ ಮೋಸ ಮಾಡಬಾರದಿತ್ತು ಎಂದು ಜಯಮ್ಮನ ಹತ್ತಿರ ಗೋಳು ತೋಡಿಕೊಂಡೆ. ಅವಳು ಅಕ್ಕಿ ಆರಿಸುತ್ತ ತಲೆಯನ್ನೂ ಎತ್ತಲಿಲ್ಲ.

"ಅಬ್ಬಕ್ಕೆ ನೆಂಟ್ರು ಬತ್ತಾರೆ, ಅಸಯ್ಯ ಅಂತ ನಾನೇ ಆ ಮೂಲೇಗೆ ಒಲೆ ಬೂದಿ ಸುರಿದಿದ್ದೆ. ನನ್ನ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಸಂಜೆ ತೋಳು ಉಜ್ಜಿಕೊಳ್ಳುತ್ತ, ಬೂದಿ ಇಲ್ಲದ ಇನ್ನೊಂದು ಮೂಲೆಗೆ ಹೋಗಿ ಬಂದೆ. ಸ್ವಲ್ಪ ಹೊತ್ತಿನಲ್ಲೇ ಇರುವೆಗಳು ಸಾಲುಗಟ್ಟಿ ಬಂದವು. ಅವು ಸೊಪ್ಪು ಅಗಿದಿರಲಿಲ್ಲ. ಒಬ್ಬಟ್ಟಿನ ಸಿಹಿಯೆಲ್ಲ ಅವಕ್ಕೇ ಸಿಕ್ಕಿತು.