ಗೂಢಚಾರ ಸತ್ತ ಬಗ್ಗೆ ಒಂದು ಠರಾವು

ನಮ್ಮ ಕಾಕಾ ಕೆಲವು ವರ್ಷಗಳಿಂದ ಒಬ್ಬ ಇಂಗ್ಲಿಷ್ ಗೂಢಚಾರನಿಗೆ ವಾರಸುದಾರನನ್ನು ಹುಡುಕುವ ಕೆಲಸದಲ್ಲಿದ್ದಾರೆ. ಈ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿಲ್ಲ. ಗೂಢಚಾರನೂ ನಿಜವಾದ ಮನುಷ್ಯನಲ್ಲ, ಸಿನಿಮಾದವನು. ಇಂಥ ಸಣ್ಣ ಅಡಚಣೆಗಳಿಗೆ ಹೆದರಿ ಕೈಬಿಟ್ಟಿದ್ದರೆ ಅವರು ನಮ್ಮ ಕಾಕಾ ಹೇಗಾಗುತ್ತಿದ್ದರು?

ಆ ಸಿನಿಮಾಗಳ ಹೆಸರನ್ನು ನಾನು ಹೇಳುವುದಿಲ್ಲ. ಕಾಕಾ ಕೂಡ ಹೇಳುವುದಿಲ್ಲ, ‘ನಮ್ಮ ಮನುಷ್ಯಾ’ ಅನ್ನುತ್ತಾರೆ. ಬೆಟ್ಟದ ಮೇಲಿಂದ ಜಿಗಿದರೂ ಕೋಟಿನ ಇಸ್ತ್ರಿ ಕೆಡದ ಮನುಷ್ಯ ಎಂದರೆ ನಿಮಗೆ ಗೊತ್ತಾದೀತು. ಕಾಕಾ ಕಾಲೇಜಿಗೆ ಹೋಗುವಾಗಲೂ ಆ ಸಿನಿಮಾ ಬರುತ್ತಿತ್ತು. ಅವರ ಲಗ್ನವಾಯಿತು, ನೌಕರಿ ಮುಗಿಯಿತು, ಮೊಣಕಾಲು ನೋವು ಶುರುವಾಯಿತು, ಸಿನಿಮಾ ಬರುತ್ತಲೇ ಇತ್ತು. ನಟರು ಮುದುಕರಾಗಿ ಬದಲಾಗುತ್ತಿದ್ದರು. ನಮ್ಮ ಮನುಷ್ಯಾ ಮಾತ್ರ ಹೊಸ ಮುಖ ಹಾಕಿಕೊಂಡು ಅದೇ ವಯಸ್ಸಿನಲ್ಲಿ ಹಾಜರಾಗುತ್ತಿದ್ದ.

ಕಾಕಾ ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಸಹಕಾರಿ ಸೊಸೈಟಿಯ ಸೆಕ್ರೆಟರಿಯಾಗಿದ್ದವರು. ನಿವೃತ್ತರಾದದ್ದು ಸೊಸೈಟಿಗೆ ಗೊತ್ತು, ಅವರಿಗೆ ಇನ್ನೂ ಗೊತ್ತಾಗಿಲ್ಲ. ನೋಟೀಸು ಕೊಟ್ಟು ಸಭೆ ಕರೆದು, ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಿ, ಬರೆದು ಸಹಿ ಹಾಕುವ ನಿರ್ಣಯಕ್ಕೆ ನಮ್ಮ ಕಡೆ ಠರಾವು ಅನ್ನುತ್ತಾರೆ. ಧಾರವಾಡದ ಸಪ್ತಾಪುರದ ಅವರ ಮನೆಯಲ್ಲಿ ಠರಾವು ಆಗದೆ ಕ್ಯಾಲೆಂಡರ್ ಕೂಡ ಗೋಡೆ ಬದಲಿಸುವುದಿಲ್ಲ. ಆ ಸಿನಿಮಾದ ಅಭಿಮಾನಿಗಳ ಸಂಘವನ್ನೂ ಅವರು ಹಾಗೆಯೇ ಕಟ್ಟಿದರು. ಕಾಕಾ ಸೆಕ್ರೆಟರಿ. ಅವರ ಕಾಲೇಜು ಗೆಳೆಯರಾದ ಬೈರಿದೇವರಕೊಪ್ಪದ ಮಾಸ್ತರು ಅಧ್ಯಕ್ಷರು. ಕಾಳು ವ್ಯಾಪಾರದ ಒಬ್ಬ ಸಾವಕಾರರು, ಮಹಡಿಯ ಖೋಲಿಯಲ್ಲಿ ಬಾಡಿಗೆಗಿರುವ ಲೆಕ್ಚರರ್ ಮೇಡಮ್ ಮತ್ತು ನಾನು ಸಭಾಸದರು. ಕಾಕಾನ ಹೆಂಡತಿ, ನಮ್ಮ ಕಾಕು, ಸಭಾಸದೆ ಅಲ್ಲ, ಆದರೆ ಚಹಾ ಅವರ ಕೈಯಲ್ಲಿದ್ದದ್ದರಿಂದ ಅವರ ಮಾತಿಗೆ ಎರಡು ಮತದ ಬೆಲೆ.

ಅಧ್ಯಕ್ಷರಾಗಲು ಮಾಸ್ತರಿಗೆ ಇದ್ದ ಅರ್ಹತೆ ಎಂದರೆ ಇಂಗ್ಲಿಷ್. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಕಾಕಾಗೆ ಆ ಭಾಷೆಯಲ್ಲಿ ‘ಯುವರ್ಸ್ ಫೇಥ್‌ಫುಲಿ’ಯ ಆಚೆ ದಾರಿ ಕಾಣುವುದಿಲ್ಲ. ಹೀಗಾಗಿ ಹುಬ್ಬಳ್ಳಿಯ ಥೇಟರಿನಲ್ಲಿ ಪ್ರತಿ ಸಲವೂ ಮಾಸ್ತರು ಬಾಜೂಕ್ಕೆ ಕುಳಿತು, ಪರದೆಯ ಮೇಲೆ ಆಡಿದ ಮಾತನ್ನೆಲ್ಲ ಕಾಕಾನ ಕಿವಿಯಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದರು. ಹಿಂದಿನ ಸಾಲಿನವರು ಮೊದಮೊದಲು ಗದರಿದರು. ಆಮೇಲೆ ಕುತ್ತಿಗೆ ಮುಂದೆ ಚಾಚಿ ಕೇಳತೊಡಗಿದರು. ಒಮ್ಮೆ ಮಾಸ್ತರು ಕೆಮ್ಮು ಬಂದು ಸುಮ್ಮನಾದಾಗ ನಾಲ್ಕು ಸಾಲಿನ ಆಚೆಯಿಂದ ಯಾರೋ “ಮುಂದ ಏನಂದಾ, ಹೇಳ್ರಿ ಸರ್” ಅಂದರಂತೆ.

ಈಚೆಗೆ ಹಳೆಯ ಸಿನಿಮಾಗಳನ್ನು ಮೊಬೈಲಿನಲ್ಲಿ, ಕೆಳಗೆ ಮೂಡುವ ಕನ್ನಡ ಅಕ್ಷರಗಳ ಸಮೇತ, ನೋಡಿದಾಗ ಸಂಗತಿ ಹೊರಬಿತ್ತು. ಮಾಸ್ತರು ಹೇಳಿದ ಕಥೆಗೂ ಸಿನಿಮಾದ ಕಥೆಗೂ ಅಲ್ಲಲ್ಲಿ ಮಾತ್ರ ಸಂಬಂಧ. ಖಳನಾಯಕ ಜಗತ್ತನ್ನು ಸುಡಲು ಹೊರಟದ್ದು ಅಣ್ಣತಮ್ಮಂದಿರ ಹೊಲದ ಪಾಲು-ವಾಟ್ನಿಯಲ್ಲಿ ಮೋಸವಾಗಿದ್ದಕ್ಕೆ ಅಂತ ಕಾಕಾ ಮೂವತ್ತು ವರ್ಷ ನಂಬಿದ್ದರು. ಕಾಕಾ ಸಿಟ್ಟಾಗಲಿಲ್ಲ. ಎರಡನ್ನೂ ತೂಗಿ ನೋಡಿ, ಮಾಸ್ತರು ಹೇಳಿದ್ದೇ ಅಧಿಕೃತ ಎಂದು ಠರಾವು ಮಾಡಿದರು.

ಸರಣಿಯ ಮುಂದಿನ ದಾರಿ ಏನಾಗಬೇಕು ಎನ್ನುವುದು ಸಂಘದ ಕಾಯಂ ವಿಷಯ. ಸಾವಕಾರರಿಗೆ ಒಂದೇ ಚಿಂತೆ.

“ಬಾಕಿ ಎಲ್ಲಾ ಇರ್ಲಿ ಬಿಡ್ರಿ. ಪ್ರತಿ ಸಿನಿಮಾದಾಗ ಹೊಸಾ ಗಾಡಿ ಒಯ್ದು ನೀರಾಗ ಹಾಕ್ತಾನಲ್ರಿ, ಅವು ಯಾರ ಹೆಸರ್ಲೆ ಅದಾವ?”

ಕಾಕುವಿನ ಸೂಚನೆ ಬೇರೆ. “ಮೊದಲ ಅವಗೊಂದು ಲಗ್ನಾ ಮಾಡ್ರಿ. ಮನ್ಯಾಗ ಹೇಣ್ತಿ ಇದ್ದಿದ್ರ ಇಷ್ಟೊತ್ತನಕಾ ಎಲ್ಲಿಗೆ ಹೋಗಿದ್ರಿ ಅಂತ ಕೇಳ್ತಿದ್ಲು. ಗೂಢಚಾರಿಕಿ ಅಲ್ಲಿಗೇ ಮುಗೀತಿತ್ತು.”

ಮುಂದೆ ಆ ಹುದ್ದೆಗೆ ಹೆಣ್ಣುಮಗಳು ಬರಲಿ ಎಂದು ಸೂಚಿಸಿದವರು ಲೆಕ್ಚರರ್ ಮೇಡಮ್. ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಕಾಕಾ ಆಕ್ಷೇಪ ಎತ್ತಿದರು. ಚಹಾದ ತಾಟು ಹಿಡಿದು ಬಂದ ಕಾಕು ನಿಂತಲ್ಲೇ ಉತ್ತರ ಕೊಟ್ಟರು.

“ಎದುರು ಮನಿಗೆ ನಿನ್ನೆ ಬಂದಾರಲ್ಲ, ಅವರು ರಾಣೆಬೆನ್ನೂರ ಕಡಿಯವರು. ಅತ್ತಿಗೂ ಸೊಸಿಗೂ ಮಾತಿಲ್ಲ. ಫ್ರಿಜ್ ಕೆಟ್ಟೈತಿ. ಇದನ್ನ ತಿಳಕೊಳ್ಳಾಕ ನಂಗ ಒಂದು ವಾಟಿ ಸಕ್ಕರಿ ಸಾಕಾತು. ಇನ್ನ ನೀವು ಅಟ್ಟದ ಮ್ಯಾಲಿನ ಟ್ರಂಕಿನಾಗ ತಂಬಾಕದ ಡಬ್ಬಿ ಮುಚ್ಚಿಟ್ಟದ್ದು ಹದಿನೈದು ವರ್ಷದಿಂದ ಗೊತ್ತೈತಿ. ಯಾರಿಗರೆ ಹೇಳೇನೇನು?”

ಠರಾವು ಸರ್ವಾನುಮತದಿಂದ ಪಾಸಾಯಿತು. ಸೂಚಕರು ಮೇಡಮ್, ಅನುಮೋದಕರು ಕಾಕಾ.

ಇಂಥ ಠರಾವುಗಳ ಪ್ರತಿಯನ್ನು ಕಾಕಾ ವಿಲಾಯತಿಯ ಆ ಸಿನಿಮಾ ಕಂಪನಿಗೆ ‘ಮಾಹಿತಿಗಾಗಿ ಹಾಗೂ ಯೋಗ್ಯ ಕ್ರಮಕ್ಕಾಗಿ’ ಎಂದು ಬರೆದು ರಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಾರೆ. ಕನ್ನಡದಲ್ಲೇ. ಅಷ್ಟು ದೊಡ್ಡ ಕಂಪನಿಯಲ್ಲಿ ಕನ್ನಡ ಓದುವ ಒಬ್ಬ ಗುಮಾಸ್ತ ಇಲ್ಲದಿದ್ದರೆ ಅದು ಕಂಪನಿಯ ಕೊರತೆ ಎಂದು ಅವರ ವಾದ. ಉತ್ತರ ಬಂದಿಲ್ಲ. ಒಂದನೇ ನೆನಪೋಲೆ, ಎರಡನೇ ನೆನಪೋಲೆ ಹೋಗಿವೆ. ಮುಂದಿನ ಸಿನಿಮಾ ತಡವಾಗುತ್ತಿರುವುದಕ್ಕೆ ಊರವರೆಲ್ಲ ಏನೇನೋ ಕಾರಣ ಹೇಳುತ್ತಾರೆ. ಕಾಕಾಗೆ ಖಚಿತವಾಗಿ ಗೊತ್ತು. ನಮ್ಮ ಪತ್ರ ಅಲ್ಲಿ ಪರಿಶೀಲನೆಯಲ್ಲಿದೆ.

ಹೀಗೆ ಸುಖವಾಗಿದ್ದ ಸಂಘದಲ್ಲಿ ಬಿರುಕು ಬಿಟ್ಟದ್ದು ಹಿಂದಿನ ಸಿನಿಮಾದಿಂದ. ಅದರ ಕೊನೆಯಲ್ಲಿ, ಹಿಂದೆಂದೂ ಆಗದಿದ್ದದ್ದು ಆಗಿ, ನಮ್ಮ ಮನುಷ್ಯಾ ಸತ್ತೇಹೋದ. ಮುಂದಿನ ಭಾನುವಾರವೇ ಕಾಕಾ ಶೋಕಸಭೆ ಕರೆದರು. ಇಲ್ಲದ ಮನುಷ್ಯನ ಇಲ್ಲದ ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ ಕೋರಿ ಠರಾವು ಬರೆದು, ಎರಡು ನಿಮಿಷ ಎದ್ದು ನಿಲ್ಲಲು ಹೇಳಿದರು. ಎಲ್ಲರೂ ಎದ್ದೆವು. ಮಾಸ್ತರು ಏಳಲಿಲ್ಲ.

“ನಾ ನಿಲ್ಲಂಗಿಲ್ಲ. ಅಂವ ಸತ್ತಿಲ್ಲ.”

“ಸತ್ತಾನ ಮಾಸ್ತರ. ನಾವಿಬ್ಬರೂ ಕುಂತು ನೋಡೇವಿ.”

“ಮುಖಾ ಬದಲಿ ಮಾಡ್ಕೊಂಡು ಬರ್ತಾನ. ಇಷ್ಟು ವರ್ಷ ಬಂದಿಲ್ಲೇನು?”

“ಅದು ವಯಸ್ಸಾಗಿ ಬದಲಿ ಆಗಿದ್ದು. ಸತ್ತ ಸಭಾಸದ ಮುಖಾ ಬದಲಿ ಮಾಡ್ಕೊಂಡು ಬರ್ತೇನಿ ಅಂದ್ರ ಯಾವ ಸೊಸೈಟಿ ನಡದೀತು? ಸತ್ತಾಂವ ಸತ್ತಾ. ಹೊಸಾ ಮನುಷ್ಯಾನ್ನ ಹೊಸಾ ಹೆಸರ್ಲೆ ತುಗೋಬೇಕು.”

“ನೀ ಬರೀ ದಫ್ತರ ನೋಡಿದಿ, ಸಿನಿಮಾ ನೋಡಲಿಲ್ಲ” ಎಂದು ಮಾಸ್ತರು ಎದ್ದು ಹೋದರು. ಚಹಾ ಕೂಡ ಕುಡಿಯಲಿಲ್ಲ. ಕಾಕಾ ಅವತ್ತಿನ ವರದಿಯಲ್ಲಿ ‘ಮೌನಾಚರಣೆಯ ವೇಳೆ ಅಧ್ಯಕ್ಷರು ಕುಳಿತೇ ಇದ್ದರು’ ಎಂದು ಬರೆದರು. ಬರೆದದ್ದನ್ನು ಅಳಿಸುವ ಪದ್ಧತಿ ಅವರಲ್ಲಿಲ್ಲ. ಅಳಿಸದೆ ಬರುವ ಪದ್ಧತಿ ಮಾಸ್ತರಲ್ಲಿಲ್ಲ.

ಹೆಚ್ಚುಕಡಿಮೆ ಒಂದು ವರ್ಷ ಇಬ್ಬರೂ ಮಾತಾಡಲಿಲ್ಲ. ಅಧ್ಯಕ್ಷರಿಲ್ಲದೆ ಕಾಕಾ ಸಭೆ ನಡೆಸುವವರಲ್ಲ. ಆದರೂ ಏಳು ದಿನ ಮುಂಚೆ ನೋಟೀಸು ಕಳಿಸುತ್ತಿದ್ದರು, ಭಾನುವಾರ ಕುರ್ಚಿ ಹಾಕುತ್ತಿದ್ದರು, ಅರ್ಧ ತಾಸು ಗೇಟಿನ ಕಡೆ ನೋಡಿ ಸಭೆ ಮುಂದೂಡುತ್ತಿದ್ದರು. ಒಮ್ಮೆ ನಾನು, ಮುಂದಿನ ಸಿನಿಮಾ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಈಗಂತೂ ಕನ್ನಡ ಅಕ್ಷರ ಬರುತ್ತವೆ, ಒಬ್ಬರೇ ನೋಡಬಹುದು ಎಂದೆ.

“ಅಕ್ಷರ ಓದಾಕ ಥೇಟರಿಗೆ ಯಾಕ ಹೋಗ್ಬೇಕು?” ಅಂದರು. ಆಮೇಲೆ, “ಅಂವ ಇಲ್ದ ನಂಗೇನೂ ತಿಳಿಯಂಗಿಲ್ಲ” ಅಂದರು. ನನಗೆ ಕೆಡುಕೆನಿಸಿತು. ಇಬ್ಬರು ಮುದುಕರು ಇಲ್ಲದ ಮನುಷ್ಯನೊಬ್ಬನ ಸಲುವಾಗಿ ಇರುವ ಗೆಳೆತನವನ್ನು ಕಳೆದುಕೊಳ್ಳುತ್ತಿದ್ದರು.

ಈ ಸಲದ ಶ್ರಾವಣದಲ್ಲಿ ಸುದ್ದಿ ಬಂತು. ಮಾಸ್ತರಿಗೆ ಹೃದಯದ ಆಪರೇಷನ್, ಹುಬ್ಬಳ್ಳಿಯ ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ, ಮರುದಿನ ಮುಂಜಾನೆ. ಕಾಕಾ ಬೆಳಿಗ್ಗೆ ಆರಕ್ಕೆ ನನಗೆ ಫೋನ್ ಮಾಡಿ “ತುರ್ತು ಸಭಾ ಐತಿ, ಗಾಡಿ ತುಗೊಂಡು ಬಾ” ಅಂದರು. ನೋಟೀಸಿಲ್ಲದೆ ಅವರು ಕರೆದ ಮೊದಲ ಸಭೆ ಅದು. ನನ್ನ ಸ್ಕೂಟರಿನ ಹಿಂದೆ ಕುಳಿತು ಹುಬ್ಬಳ್ಳಿಗೆ ಹೊರಟರು.

ಮಾಸ್ತರು ಹಸಿರು ಅಂಗಿ ತೊಟ್ಟು ಮಂಚದ ಮೇಲಿದ್ದರು. ಕಾಕಾ ಹೇಗಿದ್ದೀಯಾ ಎಂದು ಕೇಳಲಿಲ್ಲ. ಮಂಚದ ಪಕ್ಕ ನೆಟ್ಟಗೆ ನಿಂತು ಹೇಳಿದರು.

“ಠರಾವು. ನಮ್ಮ ಮನುಷ್ಯಾ ಸತ್ತಿಲ್ಲ. ಮುಂದಿನ ಸಿನಿಮಾದಾಗ ಬರ್ತಾನ. ಸೂಚಕ ನಾನ.” ನನ್ನ ಕಡೆ ತಿರುಗಿ, “ನೀ ಅನುಮೋದನಾ ಕೊಡು” ಅಂದರು.

ನಾನು ಬಾಯಿ ತೆರೆಯುವುದರೊಳಗೆ ಮಾಸ್ತರು ಕೈ ಎತ್ತಿದರು.

“ಸೆಕ್ರೆಟರಿ, ನಾ ಒಳಗ ಹೊಂಟೇನಿ ಅಂತ ಸಮಾಧಾನ ಮಾಡಾಕ ದಫ್ತರದಾಗ ಸುಳ್ಳು ಬರೀಬ್ಯಾಡ. ನೀ ಕಣ್ಣಾರೆ ನೋಡಿದ್ದು ಬರಿ.”

ನರ್ಸ್ ಬಂದು ಮಂಚದ ಗಾಲಿಗಳ ತಡೆ ಬಿಚ್ಚತೊಡಗಿದಳು.

“ನಾ ನೋಡಿಲ್ಲ” ಅಂದರು ಕಾಕಾ. “ಅಂವ ಸಾಯೂ ಹೊತ್ತಿಗೆ ಕಣ್ಣು ಮುಚ್ಚಿಕೊಂಡಿದ್ದೆ. ತೆರದು ನೋಡಿದ್ರ ಅಂವ ಇರಲಿಲ್ಲ, ಮಂದಿ ಎದ್ದು ಹೊಂಟಿದ್ರು.”

“ನಂಗೇನು ಗೊತ್ತಿಲ್ಲೇನು?” ಅಂದರು ಮಾಸ್ತರು. “ಬಾಜೂಕ ಕುಂತಿದ್ನಲ್ಲ. ನನ್ನ ಮುಂಗೈ ಹಂಗ ಗಟ್ಟಿ ಹಿಡದಿದ್ದಿ, ಎರಡು ದಿನಾ ಬೆರಳಿನ ಗುರ್ತಿತ್ತು.”

ಮಂಚ ಹೊರಟಿತು. ಕಾಕಾ ಅದರ ಪಕ್ಕವೇ ನಡೆದರು, ಬಾಗಿಲಿನವರೆಗೆ. ಅಲ್ಲಿ ನರ್ಸ್ ತಡೆದಳು. ಮಾಸ್ತರು ತಲೆ ತಿರುಗಿಸಿ ನೋಡಿದರು.

“ಈಗೂ ಕಣ್ಣು ಮುಚ್ಚಿಕೊಂಡು ಕುಂದ್ರು. ಮುಗದ ಮ್ಯಾಲ ಏನಾತಂತ ನಾನ ಹೇಳ್ತೇನಿ.”

ಬಾಗಿಲು ಮುಚ್ಚಿತು. ಕಾಕಾ ಹೊರಗಿನ ಬೆಂಚಿನ ಮೇಲೆ ಕುಳಿತು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಅಂತ ನಾನು ಅಂದುಕೊಂಡೆ, ಇಲ್ಲ. ಚಹಾ ತಂದೆ, ಮುಚ್ಚಿದ ಕಣ್ಣಲ್ಲೇ ಕೈ ಚಾಚಿ ಕುಡಿದರು. ಮಧ್ಯಾಹ್ನ ಕಾಕು ಬುತ್ತಿ ಕಟ್ಟಿಕೊಂಡು ಬಂದು ಬಾಜೂಕ್ಕೆ ಕುಳಿತರು. ಯಾಕೆ ಹೀಗೆ ಎಂದು ಕಾಕು ಕೇಳಲಿಲ್ಲ. ರೊಟ್ಟಿಯಲ್ಲಿ ಪಲ್ಯ ಸುತ್ತಿ ಅವರ ಕೈಗೆ ಕೊಟ್ಟರು.

ಮೂರು ಗಂಟೆಗೆ ಡಾಕ್ಟರು ಹೊರಗೆ ಬಂದು, ಎಲ್ಲಾ ಛಲೋ ಆಗಿದೆ, ಇನ್ನು ಹೆದರಿಕೆ ಇಲ್ಲ ಅಂದರು. ಅವರ ಕಾಲಿಗೆ ಬೀಳುವಷ್ಟು ಖುಷಿಯಾಯಿತು ನನಗೆ. ಕಾಕಾನ ಭುಜ ಹಿಡಿದು ಅಲುಗಿಸಿದೆ.

“ಕಾಕಾ, ಕೇಳಿಸ್ತೇನ್ರಿ? ಎಲ್ಲಾ ಛಲೋ ಆಗೇತಿ. ಈಗ ಕಣ್ಣು ತೆರೀರಿ.”

ಅವರ ಮುಚ್ಚಿದ ಕಣ್ಣುಗಳಿಂದ ನೀರು ಇಳಿದು ಗಡ್ಡದವರೆಗೆ ಬಂದಿತ್ತು. ಒರೆಸಿಕೊಳ್ಳಲಿಲ್ಲ.

“ನೀ ಹೇಳಿದ್ರ ನಡಿಯಂಗಿಲ್ಲ” ಅಂದರು. “ಅವನ ಹೇಳ್ಲಿ.”