ನೆಂಟರಿಗಾಗಿ ಮಲಗಿದ ಮಂಡಿ

ಮಂಡಿ ಆಪರೇಷನ್ ವಿಷಯದಲ್ಲಿ ನನ್ನಷ್ಟು ತಿಳಿದುಕೊಂಡವನು ಕುದೂರು ಹೋಬಳಿಯಲ್ಲೇ ಇನ್ನೊಬ್ಬನಿಲ್ಲ ಎಂಬ ನಂಬಿಕೆಯಿಂದ ನಾನು ಆಸ್ಪತ್ರೆಯ ಮಂಚ ಹತ್ತಿದೆ. ಇಳಿಯುವಾಗಲೂ ಆ ನಂಬಿಕೆ ಹಾಗೇ ಇತ್ತು. ಕೆಟ್ಟದ್ದೆಲ್ಲ ಶುರುವಾದದ್ದು ಮನೆಗೆ ಬಂದ ಮೇಲೆ.

ನಾನು ನಿವೃತ್ತ ಬಸ್ ಕಂಡಕ್ಟರ್, ಹೆಸರು ಶಿವಣ್ಣ. ಜೀವನಪೂರ್ತಿ ಬಸ್ಸಿನಲ್ಲಿ ನಿಂತು ನಿಂತು ಮಂಡಿ ಸವೆಸಿಕೊಂಡವನು. ನನ್ನ ಹೆಂಡತಿ ಗೌರಮ್ಮ ಬಸ್ಸು ಹತ್ತದೆಯೇ ನನಗಿಂತ ಹೆಚ್ಚು ಸವೆಸಿಕೊಂಡಿದ್ದಳು. ಹಸು, ಹೊಲ, ರೇಷ್ಮೆ ಹುಳದ ಮನೆಗೆ ಹೊತ್ತ ಸೊಪ್ಪಿನ ಹೊರೆ, ಎಲ್ಲ ಸೇರಿ ಅವಳ ಎರಡು ಮಂಡಿಯನ್ನೂ ತಿಂದು ಹಾಕಿದ್ದವು. ಡಾಕ್ಟರು ಇಬ್ಬರ ಎಕ್ಸರೇ ಬೆಳಕಿಗೆ ಹಿಡಿದು, "ಅಮ್ಮಂದೇ ಜಾಸ್ತಿ ಹಾಳಾಗಿದೆ. ಒಟ್ಟಿಗೆ ಇಬ್ಬರಿಗೂ ಮಾಡೋಕಾಗಲ್ಲ. ಮೊದಲು ಯಾರಿಗೆ ಮಾಡೋಣ?" ಎಂದು ಕೇಳಿದರು.

ನಾನು ತಡಮಾಡಲಿಲ್ಲ. "ನಂಗೇ ಮಾಡಿ ಸಾರ್" ಎಂದೆ.

ಇದರಲ್ಲಿ ಸ್ವಾರ್ಥ ಇತ್ತು ಎಂದು ಯಾರೂ ತಪ್ಪು ತಿಳಿಯಬಾರದು. ಗೌರಮ್ಮನಿಗೆ ಆಪರೇಷನ್ ಆದರೆ ಅವಳನ್ನು ನೋಡಿಕೊಳ್ಳುವವನು ನಾನು. ಶುಶ್ರೂಷೆ ಮಾಡುವವನೇ ಕುಂಟಿದರೆ ರೋಗಿಯ ಗತಿಯೇನು? ಆದಕಾರಣ ಶುಶ್ರೂಷಕನ ಮಂಡಿ ಮೊದಲು ಗಟ್ಟಿಯಾಗಬೇಕು! ಈ ತರ್ಕದಲ್ಲಿ ಅಂದೂ ಲೋಪವಿರಲಿಲ್ಲ, ಇಂದೂ ಇಲ್ಲ. ಲೋಪ ಇದ್ದದ್ದು ಶುಶ್ರೂಷಕನಲ್ಲಿ.

"ಆಯ್ತು, ನಿಮ್ದೇ ಮೊದ್ಲಾಗ್ಲಿ. ಆದ್ರೆ ಬಿರ್ರನೆ ಎದ್ದು ಓಡಾಡಂಗಾಗಿ. ನನ್ ಕೈಲೂ ಆಯ್ತಾ ಇಲ್ಲ ಕಣ್ರೀ" ಎಂದಳು ಗೌರಮ್ಮ.

ಇರುವವಳು ಒಬ್ಬಳೇ ಮಗಳು. ತುಮಕೂರಿನಲ್ಲಿ ಸಂಸಾರ, ಅವಳ ಅತ್ತೆ ಹಾಸಿಗೆ ಹಿಡಿದಿದ್ದಾರೆ. ನನ್ನ ಆಪರೇಷನ್ನಿಗೆ ಹೇಗೋ ಬಿಡಿಸಿಕೊಂಡು ಬಂದು, ನನ್ನನ್ನು ಮನೆಗೆ ಸೇರಿಸಿ ಹೊರಟಳು. ಹೋಗುವಾಗ ಬಾಗಿಲಲ್ಲಿ ನಿಂತು, "ಅಪ್ಪಾ, ಅಮ್ಮನ ಸರದಿಗೆ ನಾನು ಬರೋಕಾಗಲ್ಲ. ನೀನೇ ನೋಡ್ಕೋಬೇಕು" ಎಂದಳು. ನಾನು ಎದೆ ತಟ್ಟಿಕೊಂಡೆ. ಮಂಡಿ ತಟ್ಟಿಕೊಳ್ಳುವಂತಿರಲಿಲ್ಲ.

ವ್ಯಾಯಾಮ ಮಾಡಿಸಲು ಮಾಗಡಿಯಿಂದ ಸ್ಕೂಟಿಯಲ್ಲಿ ನಾಜಿಯಾ ಎಂಬ ಫಿಸಿಯೋಥೆರಪಿ ಹುಡುಗಿ ಬರುತ್ತಿದ್ದಳು. ಮೊದಲ ದಿನವೇ ನನಗೆ ಸರಿಯಾಗಿ ತಿಳಿಹೇಳಿದಳು.

"ಅಂಕಲ್, ಮೊದಲೆಲ್ಲ ಆಪರೇಷನ್ ಆದೋರನ್ನ ದಿನಗಟ್ಟಲೆ ಮಲಗಿಸ್ತಿದ್ರು. ಈಗಿನ ಸಂಶೋಧನೆ ಹಾಗೆ ಹೇಳಲ್ಲ. ಬೇಗ ಎದ್ದು ನಡೆದಷ್ಟೂ ಒಳ್ಳೇದು. ಮೊದಲ ಕೆಲವು ವಾರ ನೋವಾದ್ರೂ ಬಗ್ಗಿಸಬೇಕು, ನೆಟ್ಟಗೆ ಮಾಡಬೇಕು. ಬಿಟ್ರೆ ಒಳಗೇ ಬಿಗಿದುಕೊಂಡುಬಿಡುತ್ತೆ. ಇನ್ನೊಂದು ಮಾತು. ಮಂಡಿ ಕೆಳಗೆ ದಿಂಬು ಇಡಬೇಡಿ. ಹಿತ ಅನ್ನಿಸುತ್ತೆ, ಆದ್ರೆ ಕಾಲು ಪೂರ್ತಿ ನೆಟ್ಟಗಾಗದೆ ಹಾಗೇ ನಿಂತುಬಿಡುತ್ತೆ."

ಸಂಶೋಧನೆ! ಆ ಪದ ನನಗೆ ಬಹಳ ಹಿಡಿಸಿತು. ಅಂದಿನಿಂದ ನಮ್ಮ ಮನೆಯಲ್ಲಿ ಸಂಶೋಧನೆಯ ಪ್ರಕಾರವಲ್ಲದೆ ಏನೂ ನಡೆಯಲಿಲ್ಲ. ಸಂಶೋಧನೆಯ ಪ್ರಕಾರ ಬೆಳಿಗ್ಗೆ ವಾಕರ್ ಹಿಡಿದು ಗೇಟಿನವರೆಗೆ ನಡೆದೆ. ಸಂಶೋಧನೆಯ ಪ್ರಕಾರ ಇನ್ನೊಂದು ಮುದ್ದೆ ಕೇಳಿದೆ. ಮಂಡಿಯೂ ಮಾತು ಕೇಳುತ್ತಿತ್ತು. ನಾಜಿಯಾ ಅಳತೆ ನೋಡಿ, "ಹೀಗೇ ಹೋದ್ರೆ ಬೇಗ ಆಂಟೀದು ಮಾಡಿಸಬಹುದು" ಎಂದಳು. ಆಗ ಗೌರಮ್ಮ ನಕ್ಕಳು. ಆ ನಗು ಈಗಲೂ ಕಣ್ಣಮುಂದಿದೆ. ಅದಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿಲ್ಲ.

ಅಷ್ಟರಲ್ಲಿ ನೋಡಲು ಬರುವವರು ಶುರುವಾದರು.

ಮೊದಲು ಬಂದವನು ಗೌರಮ್ಮನ ತಮ್ಮ ರಂಗಸ್ವಾಮಿ, ಸಂಸಾರ ಸಮೇತ, ಕನಕಪುರದಿಂದ ಬಸ್ಸು ಬದಲಾಯಿಸಿಕೊಂಡು. ಕೈಯಲ್ಲಿ ಮೂಸಂಬಿ, ಬ್ರೆಡ್ಡು, ಹಾರ್ಲಿಕ್ಸ್ ಬಾಟಲಿ. ಮುಖದಲ್ಲಿ ಸಾವಿನ ಮನೆಗೆ ಬಂದ ಕಳೆ. ನಾನು ವಾಕರ್ ಹಿಡಿದು ಗೇಟಿನಲ್ಲೇ ನಿಂತಿದ್ದೆ. "ಬಾರಪ್ಪಾ ರಂಗ, ಬಾ ಬಾ!" ಎಂದೆ ಗಟ್ಟಿಯಾಗಿ.

ಅವನ ಮುಖ ಸಪ್ಪಗಾಯಿತು. "ಏನ್ ಭಾವ, ಆಪರೇಸನ್ ಆಗ್ಲಿಲ್ವಾ?"

"ಆಯ್ತಲ್ಲ! ನೋಡು, ನಡೀತಾ ಇವ್ನಿ."

"ಓ... ಹಂಗಾ. ನಾವೇನೋ ಜೋರಾಗೈತೆ ಅಂದ್ಕಂಡು ಕೆಲ್ಸ ಬುಟ್ಟು ಬಂದೊ."

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಇರುವ ಹಾಗೆ ಕಾಯಿಲೆಯಲ್ಲೂ ಉಂಟು. ರಂಗಸ್ವಾಮಿಗೆ ಅಪೆಂಡಿಕ್ಸ್ ಆದಾಗ ನಾನು ಹೋಗಿ ನೋಡಿಕೊಂಡು ಬಂದಿದ್ದೆ. ಅವನು ಶಾಸ್ತ್ರೋಕ್ತವಾಗಿ ಮಲಗಿದ್ದ. ಅರ್ಧ ಕಣ್ಣು ತೆರೆದು "ಬಂದ್ಯಾ ಭಾವ" ಎಂದಿದ್ದ. ನಾನು ಲೊಚಗುಟ್ಟಿದ್ದೆ. ಅದೇ ಕಾಯಿಲೆಯಿಂದ ಸತ್ತ ಒಬ್ಬರ ಕಥೆ ಹೇಳಿ ಸಮಾಧಾನ ಮಾಡಿದ್ದೆ. ಈಗ ಅವನು ಮುಯ್ಯಿ ತೀರಿಸಲು ಬಂದರೆ ನಾನು ಗೇಟಿನಲ್ಲಿ ನಿಂತು ಹಲ್ಲು ಕಿರಿಯುವುದೇ? ಕಾಫಿ ಕುಡಿದು ಹೊರಟರು. ರಂಗಸ್ವಾಮಿಯ ಹೆಂಡತಿ ಹಾರ್ಲಿಕ್ಸ್ ಬಾಟಲಿ ಕೊಡಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಚೀಲಕ್ಕೇ ಹಾಕಿಕೊಂಡಳು.

ವಾರ ಕಳೆಯುವುದರೊಳಗೆ ಪಕ್ಕದ ಮನೆಯ ಮರಿಗೌಡ ಸುದ್ದಿ ತಂದ.

"ಲೇ ಶಿವಣ್ಣ, ಕನಕಪುರದ್ ಕಡೆ ನಿನ್ ಬಗ್ಗೆ ಏನಂತಾವ್ರೆ ಗೊತ್ತೇನ್ಲಾ? ಬರೀ ಇಂಜೆಕ್ಸನ್ ಚುಚ್ಚುಸ್ಕಂಡ್ ಬಂದು, ಆಪರೇಸನ್ ಆಯ್ತು ಅಂತ ಊರ್ಗೆಲ್ಲ ಸಾರ್ಬುಟ್ಟೆ ಅಂತೆ!"

ನನಗೆ ಹೊಲಿಗೆ ಬಿಚ್ಚಿದಂತಾಯಿತು. ಮಂಡಿ ಕೊಯ್ಯಿಸಿಕೊಂಡು ಲೋಹದ ಮಂಡಿ ಹಾಕಿಸಿಕೊಂಡವನಿಗೆ ಇಂಥಾ ಮಾತೇ? ಮಾರನೆಯ ದಿನವೇ ಮರಿಗೌಡನ ಕೈಲಿ ಮಂಚವನ್ನು ನಡುಮನೆಗೆ ಎಳೆಸಿ, ಬಾಗಿಲಿಗೆ ಎದುರಾಗಿ ಹಾಕಿಸಿದೆ.

"ನಡೀರಿ ನಡೀರಿ ಅಂತ ಆ ಹುಡ್ಗಿ ಬಾಯಿ ಬಡ್ಕತಾ ಅವ್ಳೆ. ನೀವು ನೋಡುದ್ರೆ ಮಂಚ ಹಾಕುಸ್ತಿದೀರಲ್ಲ!" ಎಂದಳು ಗೌರಮ್ಮ.

"ಜನ ಬಂದಾಗ ಒಸಿ ಮನಿಕತೀನಿ ಕಣೆ. ಅವ್ರು ಹೋಯ್ತಿದ್ದಂಗೆ ಎದ್ದು ನಡೀತೀನಿ. ಎರಡೂ ಆಯ್ತದೆ."

ಯೋಜನೆ ಚೆನ್ನಾಗಿಯೇ ಇತ್ತು. ಆದರೆ ಬಂದವರು ಹೋಗಬೇಕಲ್ಲ! ಒಂದು ತಂಡ ಚಪ್ಪಲಿ ಹಾಕಿಕೊಳ್ಳುವ ಮೊದಲೇ ಇನ್ನೊಂದು ತಂಡ ಚಪ್ಪಲಿ ಬಿಡುತ್ತಿತ್ತು. ಶಿವಣ್ಣ ಈಗ ನಿಜವಾಗಿ ಮಲಗಿದ್ದಾನೆ ಎಂಬ ಸುದ್ದಿ ಹಬ್ಬಿದ ಮೇಲಂತೂ ಎಲ್ಲರಿಗೂ ಪ್ರೀತಿ ಉಕ್ಕಿತು. ಬಿಡದಿಯ ಕಾರ್ಖಾನೆಯಲ್ಲಿರುವ ಷಡ್ಡಕನ ಮಗ ಶಿಫ್ಟ್ ಮುಗಿಸಿಕೊಂಡು ಜೊತೆಯವರನ್ನೆಲ್ಲ ಕರೆತಂದ. ಅವರಲ್ಲಿ ಅರ್ಧ ಜನಕ್ಕೆ ನಾನು ಯಾರೆಂದೇ ಗೊತ್ತಿರಲಿಲ್ಲ. ಆದರೂ ಪಾಪ, ಲೊಚಗುಟ್ಟಿದರು. ರಂಗಸ್ವಾಮಿಯೂ ಇನ್ನೊಮ್ಮೆ ಬಂದ, ಈ ಸಲ ಹಾರ್ಲಿಕ್ಸ್ ಕೊಟ್ಟೇ ಹೋದ.

ಗೇಟು ಕಿರ್ ಎಂದರೆ ಸಾಕು, ನಾನು ಮಂಚಕ್ಕೆ ಬೀಳುತ್ತಿದ್ದೆ. ನರಳುವುದರಲ್ಲಿ ಒಳ್ಳೆಯ ಪ್ರಗತಿ ಸಾಧಿಸಿದೆ. ಹತ್ತಿರದವರಿಗೆ ಒಂದು ನರಳಿಕೆ, ದೂರದವರಿಗೆ ಒಂದು! ಅಷ್ಟಾಗಿಯೂ ನಾನು ವಿಜ್ಞಾನವನ್ನು ಬಿಟ್ಟಿರಲಿಲ್ಲ. ಗಂಟಲವರೆಗೆ ಕಂಬಳಿ ಹೊದ್ದು ಮಲಗಿಕೊಂಡೇ, "ಈಗಿನ ಸಂಶೋಧನೆ ಏನ್ ಹೇಳ್ತದೆ ಅಂದ್ರೆ, ಆಪರೇಸನ್ ಆದೋರು ಮನಿಕ್ಕೊಳ್ಳೇಬಾರ್ದು" ಎಂದು ಬಂದವರಿಗೆಲ್ಲ ಉಪನ್ಯಾಸ ಕೊಡುತ್ತಿದ್ದೆ. ಅವರು "ಹೌದಾ, ಹೌದಾ" ಎಂದು ತಲೆದೂಗಿ, ಕಂಬಳಿ ಇನ್ನಷ್ಟು ಮೇಲೆಳೆದು ಹೋಗುತ್ತಿದ್ದರು.

ಇನ್ನು ದಿಂಬು. ಅದನ್ನು ತಂದವರು ನಮ್ಮ ಸೋದರತ್ತೆ ನಿಂಗಮ್ಮ. ನೋಡಿ ಹೋಗಲು ಬಂದವರು ಇದ್ದೇಬಿಟ್ಟರು. "ಮಂಡಿ ಗಾಳೀಲಿ ನಿಂತೈತಲ್ಲೋ ಮಗ" ಎಂದು ಮಂಡಿ ಕೆಳಗೆ ಒಂದು ದಿಂಬು ತುರುಕಿದರು.

"ಬೇಡ ಅತ್ತೆ, ಸಂಶೋಧನೆ..." ಎನ್ನುವಷ್ಟರಲ್ಲಿ ನೋವು ಹಿಂಗಿತು. ಆಹಾ! ಈ ಸುಖ ಸಂಶೋಧಕರಿಗೆ ಗೊತ್ತಿರಲಾರದು ಎನ್ನಿಸಿತು. ಒಂದು ಗಳಿಗೆ ಇರಲಿ ಎಂದುಕೊಂಡೆ. ಆ ದಿಂಬು ಮತ್ತೆ ಅಲ್ಲಿಂದ ಏಳಲಿಲ್ಲ. ಅದರ ಮೇಲೆ ಇನ್ನೊಂದು ಬಂತು.

ಇಷ್ಟು ಜನಕ್ಕೆ ಕಾಫಿ ಮಾಡುತ್ತಿದ್ದವಳು ಗೌರಮ್ಮ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ಗೋಡೆಗೆ. ಅಡುಗೆಮನೆ ಹೊಸ್ತಿಲನ್ನು ನೇರವಾಗಿ ದಾಟಲಾಗದೆ ಅಡ್ಡಡ್ಡ ಕಾಲಿಟ್ಟು ದಾಟುತ್ತಿದ್ದಳು. ಒಮ್ಮೆ ಯಾರೋ ಲೋಟ ತೆಗೆದುಕೊಳ್ಳುತ್ತಾ, "ನಿಂಗೇನ್ ಬುಡವ್ವ ಗೌರಮ್ಮ, ಗಟ್ಟಿಗಿತ್ತಿ. ಪಾಪ, ಇವನ್ ಪಾಡು ನೋಡು" ಎಂದರು. ಅವಳು ಖಾಲಿ ತಟ್ಟೆ ಹಿಡಿದು ಹೊಸ್ತಿಲ ಕಡೆ ತಿರುಗಿದಳು. ನಾನು ನನ್ನ ಪಾಡಿಗೆ ತಕ್ಕ ಮುಖ ಮಾಡಿದೆ. ಅವಳ ಕಾಲು ನಡುಗುತ್ತಿದ್ದದ್ದು ಮಲಗಿದವನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಕಂಡೂ ಸುಮ್ಮನಿದ್ದೆ.

ಒಂದು ದಿನ ನಡುಮನೆ ತುಂಬ ಜನ ಇರುವಾಗಲೇ ನಾಜಿಯಾ ಬಂದಳು. ದಿಂಬಿನ ಗೋಪುರ ನೋಡಿ ನಿಂತುಬಿಟ್ಟಳು. ಒಂದೊಂದಾಗಿ ತೆಗೆದಿಟ್ಟು, ನನ್ನ ಪಾದ ಹಿಡಿದು ಮಂಡಿ ಬಗ್ಗಿಸತೊಡಗಿದಳು. ನೋವಾಯಿತು, ಸುಳ್ಳಲ್ಲ. ಆದರೆ ನಾನು ಕೂಗಿದ್ದು ಅಷ್ಟು ನೋವಿಗಲ್ಲ. ಅಷ್ಟು ಜನರಿಗೆ!

"ಅಯ್ಯಯ್ಯೋ, ಸತ್ತೇ ಅವ್ವಾ!"

ನಿಂಗಮ್ಮತ್ತೆ ಎದ್ದು ಬಂದು ನನ್ನ ಕಾಲನ್ನು ಕಿತ್ತುಕೊಂಡರು. "ಏನವ್ವಾ ನೀನು, ಮನುಷ್ಯನ್ನ ಕೊಂದುಬುಟ್ಟೀಯಾ? ಹಸಿ ಗಾಯ ಅದು. ಬುಡು ಕಾಲ್ನ!"

"ಅಜ್ಜಿ, ಈಗ ಬಗ್ಗಿಸದೇ ಇದ್ರೆ ಆಮೇಲೆ ಬಗ್ಗೋದೇ ಇಲ್ಲ" ಎಂದ ನಾಜಿಯಾ ನನ್ನ ಕಡೆ ತಿರುಗಿದಳು. "ಅಂಕಲ್, ನೀವೇ ಹೇಳಿ."

ಎಲ್ಲರೂ ನನ್ನನ್ನೇ ನೋಡಿದರು. ಹೇಳಬೇಕಾದ ಮಾತು ನನಗೆ ಬಾಯಿಪಾಠ ಇತ್ತು. ಕಂಬಳಿ ಹೊದ್ದು ಊರಿಗೆಲ್ಲ ಹೇಳಿದ ಮಾತೇ. ನಾನು ಕಣ್ಣು ಮುಚ್ಚಿಕೊಂಡೆ. "ಇವತ್ತು ಬ್ಯಾಡ ಕಣವ್ವ. ಜನ ಇರುವಾಗ ಯಾಕೆ" ಎಂದೆ.

ಅವಳು ಹೊರಗೆ ಹೋಗಿ ಗೌರಮ್ಮನ ಜೊತೆ ಏನೋ ಮಾತಾಡಿದಳು. ಸ್ಕೂಟಿಯ ಸದ್ದು ದೂರವಾಯಿತು. ಗೌರಮ್ಮ ಒಳಗೆ ಬಂದವಳು ದಿಂಬುಗಳನ್ನು ಎತ್ತಿಕೊಂಡು ಹೋಗಿ ಅಟ್ಟದ ಮೇಲಿಡಲು ನೋಡಿದಳು. ಕೈ ಎಟುಕಲಿಲ್ಲ. ಕಾಲೆತ್ತಿ ಸ್ಟೂಲು ಹತ್ತುವ ಶಕ್ತಿ ಅವಳಿಗಿರಲಿಲ್ಲ. ನಿಂಗಮ್ಮತ್ತೆ ಅವನ್ನು ತಂದು ಮತ್ತೆ ಮಂಡಿ ಕೆಳಗೆ ಇಟ್ಟರು. ಮುಂದಿನ ಸಲ ನಾಜಿಯಾ ಬಂದಾಗಲೂ ಜನ ಇದ್ದರು, ಅದರ ಮುಂದಿನ ಸಲವೂ ಇದ್ದರು.

ಎಲ್ಲಕ್ಕೂ ಕೊನೆಯಿದೆಯಲ್ಲ, ನೆಂಟರಿಗೂ ಇತ್ತು. ಮುಯ್ಯಿ ತೀರಿತು. ನಿಂಗಮ್ಮತ್ತೆಯೂ ಊರಿಗೆ ಹೋದರು. ಮನೆ ಖಾಲಿಯಾದ ಬೆಳಿಗ್ಗೆ ನಾನು ಉತ್ಸಾಹದಿಂದ ಎದ್ದು, "ಇನ್ ನಮ್ದೇ ರಾಜ್ಯ ಕಣೆ! ರೈಟ್, ರೈಟ್!" ಎಂದು ಹೆಜ್ಜೆಯಿಟ್ಟೆ.

ಗಾಡಿ ಹೊರಡಲಿಲ್ಲ. ಕಾಲು ನೆಟ್ಟಗೂ ಆಗಲಿಲ್ಲ, ಬಗ್ಗಲೂ ಇಲ್ಲ. ದಿಂಬಿನ ಮೇಲೆ ಹೇಗೆ ಇತ್ತೋ ಹಾಗೇ ಗಾಳಿಯಲ್ಲೂ ಇತ್ತು. ಕುರ್ಚಿಯಲ್ಲಿ ಕೂತರೆ ಎದುರಿಗೆ ಚಾಚಿಕೊಂಡು ದಾರಿಗೆ ಅಡ್ಡವಾಗುತ್ತಿತ್ತು. ನಾಜಿಯಾಗೆ ನಾನೇ ಫೋನು ಮಾಡಿ ಕರೆಸಿದೆ. ಅವಳು ಬಂದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಂಡಿಯನ್ನು ಮುಟ್ಟಿ, ಒತ್ತಿ ನೋಡಿ, "ಡಾಕ್ಟರಿಗೆ ತೋರಿಸಿಬಿಡಿ ಅಂಕಲ್" ಎಂದಷ್ಟೇ ಹೇಳಿದಳು.

ಆಸ್ಪತ್ರೆಗೆ ಹೊರಟೆವು. ಬಸ್ಸಿನ ಮೆಟ್ಟಿಲು! ಇಡೀ ಆಯಸ್ಸು ಹತ್ತಿ ಇಳಿದ ಮೆಟ್ಟಿಲು. ಅದರ ಮುಂದೆ ನಾನು ಲೈಟುಕಂಬದ ಹಾಗೆ ನಿಂತೆ. ಒಳಗಿನಿಂದ ಕಂಡಕ್ಟರ್ ಹುಡುಗ, "ಬೇಗ ಹತ್ತು ತಾತ, ಟೈಮಾಯ್ತು!" ಎಂದು ರೇಗಿದ. ನಾನೂ ಎಷ್ಟು ಜನ ಮುದುಕರಿಗೆ ಹಾಗೆ ರೇಗಿದ್ದೆನೋ! ಕೊನೆಗೆ ಗೌರಮ್ಮ ಹಿಂದಿನಿಂದ ನೂಕಿದಳು. ಎರಡು ಹಾಳು ಮಂಡಿಯವಳು ಒಂದು ಹೊಸ ಮಂಡಿಯವನನ್ನು ಬಸ್ಸಿಗೆ ಹತ್ತಿಸಿದಳು.

ಡಾಕ್ಟರು ಕಾಲು ಹಿಡಿದು ಬಗ್ಗಿಸಿದರು. ನಾನು ಕೂಗಿದೆ. ಈ ಸಲದ ಕೂಗು ಅಸಲಿ, ಆದರೆ ಕೇಳಲು ಒಬ್ಬ ನೆಂಟನೂ ಇರಲಿಲ್ಲ.

"ಬಿಗಿದುಕೊಂಡಿದೆ" ಎಂದರು. "ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸಿ ನೋಡಬೇಕು. ಆಮೇಲೆ ವ್ಯಾಯಾಮ ಮೊದಲಿಂದ. ಪೂರ್ತಿ ಬರುತ್ತೆ ಅಂತ ಹೇಳಲಾರೆ." ಆಮೇಲೆ ಗೌರಮ್ಮ ಕುರ್ಚಿಯಿಂದ ಏಳಲು ಒದ್ದಾಡುವುದನ್ನು ಕಂಡು, "ಅಮ್ಮಂದು ಇನ್ನು ತಡ ಮಾಡಬಾರದು. ಈಗಲೇ ಸೇರಿಸಿಕೊಳ್ಳಬಹುದು. ಮನೆಯಲ್ಲಿ ನೋಡಿಕೊಳ್ಳೋಕೆ ಯಾರಿದಾರೆ?" ಎಂದು ಕೇಳಿದರು.

"ನಾನಿದೀನಿ ಸಾರ್" ಎಂದೆ.

ಡಾಕ್ಟರು ನನ್ನ ಕಾಲನ್ನು ನೋಡಿದರು. ಅದು ಮೇಜಿನ ಆಚೆಗೆ ಚಾಚಿಕೊಂಡಿತ್ತು. ಅದೇ ತಾನೇ ನರ್ಸಮ್ಮ ಅದನ್ನು ದಾಟಿಕೊಂಡು ಹೋಗಿದ್ದರು.

"ಬೇರೆ ಯಾರಾದ್ರೂ ಇದಾರಾ?" ಎಂದರು.

ಯಾರಿದ್ದಾರೆ? ಲೋಟಗಟ್ಟಲೆ ಕಾಫಿ ಕುಡಿದು ಹೋದವರ ಮುಖಗಳೆಲ್ಲ ನನ್ನ ಮುಂದೆ ಸಾಲಾಗಿ ಬಂದವು. ಅವರಲ್ಲಿ ಒಬ್ಬರ ಹೆಸರೂ ಹೇಳಲು ಬಾಯಿ ಬರಲಿಲ್ಲ.

ಗೌರಮ್ಮ ತನ್ನ ಎಕ್ಸರೇಯನ್ನು ಚೀಲಕ್ಕೆ ಹಾಕಿಕೊಂಡಳು. "ಯಾರೂ ಇಲ್ಲ ಸಾರ್. ಮೊದ್ಲು ಇವರ್ದೇ ಸರಿ ಮಾಡ್ಬುಡಿ. ನಂದು ಆಮೇಲ್ ನೋಡನ" ಎಂದಳು.

ಹೀಗೆ ಎರಡನೆಯ ಸಲವೂ ಸರದಿ ನನ್ನದೇ ಆಯಿತು. ಶುಶ್ರೂಷಕ ಎದ್ದು ನಿಲ್ಲಲಾಗದೆ ಒದ್ದಾಡುತ್ತಿದ್ದ. ರೋಗಿ ಮೇಜು ಹಿಡಿದುಕೊಂಡು ಎದ್ದು, ಅವನಿಗೆ ಕೈ ಕೊಟ್ಟಳು.